ಮಿಂದು ಬರುತ್ತೇನೆ ಎಂದವಳು

ಅವಳ ಹೆಸರನ್ನು ಬರೆಯುವುದಿಲ್ಲ. ಅವಳ ಅಣ್ಣನ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಸೋದರತ್ತೆ ದವಾಖಾನೆಯಲ್ಲಿ ಕಂಡಕಂಡವರ ರಕ್ತ ಒರೆಸುತ್ತಿದ್ದಳು ಎಂಬ ಮಾತು ಅವರ ಜಾತಕದ ಜೊತೆಗೆ ಊರೂರು ತಿರುಗುವುದು ಬೇಡ. ಊರಿನ ಹೆಸರೂ ಬೇಡ. ಸಿದ್ದಾಪುರದ ಸೀಮೆಯ ಒಂದು ಸಣ್ಣ ಸರಕಾರಿ ದವಾಖಾನೆ ಎಂದರೆ ಸಾಕು. ನಮ್ಮವರು ಅಲ್ಲಿಗೆ ಡಾಕ್ಟರಾಗಿ ಬಂದದ್ದು ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ. ನನಗೆ ಆಗಷ್ಟೇ ಮದುವೆಯಾಗಿತ್ತು. ಬನವಾಸಿಯ ಕಡೆಯ ಅಂಗಡಿಕಾರರ ಮನೆಯ ಮಗಳು ನಾನು. ಓದಿದ್ದು ಧಾರವಾಡದಲ್ಲಿ, ಸಿಸ್ಟರುಗಳ ಶಾಲೆಯಲ್ಲಿ. ಕರವಸ್ತ್ರದ ಅಂಚಿಗೆ ಹೂ ಹಾಕಲು ಬರುತ್ತಿತ್ತು, ಪಿಯಾನೋದ ಮೇಲೆ ಒಂದೇ ಒಂದು ಪ್ರಾರ್ಥನೆ ನುಡಿಸಲು ಬರುತ್ತಿತ್ತು. ಬಾವಿಯಿಂದ ನೀರು ಸೇದಲು ಬರುತ್ತಿರಲಿಲ್ಲ. ಅದನ್ನು ನನಗೆ ಕಲಿಸಿದವಳು ಅವಳು.

ಈಗ ನೆನೆದರೆ ಮುಖಕ್ಕಿಂತ ಮೊದಲು ಅವಳ ಕೈ ಕಾಣುತ್ತದೆ. ಕೆಲಸವಿಲ್ಲದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು, ಯಾರದೋ ಗಿಡದ ಮಾವಿನಕಾಯಿ ಕಿತ್ತು ಬಚ್ಚಿಟ್ಟುಕೊಂಡವರ ಹಾಗೆ. ಉಗುರುಗಳನ್ನು ಬುಡದವರೆಗೆ ಕತ್ತರಿಸಿರುತ್ತಿದ್ದಳು. ಬೆರಳ ಸಂದುಗಳಲ್ಲಿ ಟಿಂಚರಿನ ಕಂದುಬಣ್ಣ ಕೂತು, ಎಷ್ಟು ತಿಕ್ಕಿದರೂ ಹೋಗದೆ, ಮದರಂಗಿ ಹಚ್ಚಿ ವಾರವಾದ ಕೈಯಂತೆ ಕಾಣುತ್ತಿತ್ತು. ಮದರಂಗಿ ಹಚ್ಚುವ ಯೋಗ ಅವಳಿಗೆ ಮುಗಿದುಹೋಗಿತ್ತು. ಮದುವೆಯಾಗಿ, ಗಂಡನ ಮನೆಯ ದಾರಿ ಸರಿಯಾಗಿ ಗುರುತಾಗುವ ಮೊದಲೇ ಗಂಡ ತೀರಿಹೋಗಿ, ತವರಿಗೆ ತಿರುಗಿ ಬಂದ ಹುಡುಗಿ. ಅಪ್ಪ ಸ್ವಲ್ಪ ಹೊಸ ಕಾಲದವರು. ಮಗಳ ತಲೆಗೂದಲಿಗೆ ಯಾರೂ ಕೈಹಚ್ಚದಂತೆ ನೋಡಿಕೊಂಡಿದ್ದರು, ಮನೆಯಲ್ಲೇ ಓದಿಸಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿಸಿದ್ದರು.

ಆ ಅಪ್ಪನೇ ಒಂದು ಬೆಳಿಗ್ಗೆ ಅವಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದದ್ದು. ದವಾಖಾನೆಯ ಹಿಂದೆಯೇ ನಮ್ಮ ಮನೆ. ನಡುವೆ ಒಂದು ಬಾವಿ. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಮಾತಾಡುತ್ತಿದ್ದರು. ಅವಳು ತಲೆ ತಗ್ಗಿಸಿ, ಅಂಗಳದಲ್ಲಿ ಒಣಹಾಕಿದ್ದ ಬ್ಯಾಂಡೇಜಿನ ಪಟ್ಟಿಗಳನ್ನೇ ನೋಡುತ್ತಿದ್ದಳು. ಗಾಳಿಗೆ ಒಂದು ಪಟ್ಟಿ ಹಗ್ಗದಿಂದ ಜಾರಿ ಬಿತ್ತು. ಅವಳು ಸದ್ದಿಲ್ಲದೆ ಹೋಗಿ ಎತ್ತಿ, ಮಣ್ಣು ಕೊಡವಿ, ಮತ್ತೆ ಹಾಕಿ ಬಂದು ಮೊದಲಿನ ಜಾಗದಲ್ಲಿ ಮೊದಲಿನಂತೆಯೇ ನಿಂತಳು. ನಮ್ಮವರು ಅದನ್ನು ನೋಡಿದರು ಎಂದು ಆಮೇಲೆ ಹೇಳಿದರು.

ನಮ್ಮವರಿಗೆ ಆಗ ಒಬ್ಬ ಹೆಂಗಸು ಬೇಕೇ ಬೇಕಾಗಿತ್ತು. ದವಾಖಾನೆಯ ಮೂಲೆಯಲ್ಲಿ ಅಪಘಾತದವರಿಗೆಂದು ಒಂದು ಕೋಣೆಯಿತ್ತು. ಊರವರ ಬಾಯಲ್ಲಿ ಅದು ಪಟ್ಟಿ ಕೋಣೆ. ಮರದಿಂದ ಬಿದ್ದವರು, ಕತ್ತಿ ಹೊಡೆಸಿಕೊಂಡವರು, ಕರಡಿ ಪರಚಿದವರು, ಎಲ್ಲರೂ ಮೊದಲು ಅಲ್ಲಿಗೇ. ಅಲ್ಲಿದ್ದವನು ಗಾಯ ಕಟ್ಟುವ ಒಬ್ಬ ಮುದಿ ಡ್ರೆಸ್ಸರ್, ಕುಮಟೆಯ ಕಡೆಯವನು. ಗಂಡಸರಾದರೆ ಚಿಂತೆಯಿಲ್ಲ. ಹೆಂಗಸರು ಮಾತ್ರ, ಅದರಲ್ಲೂ ಅಡಿಕೆ ತೋಟಸ್ಥರಾದ ಬ್ರಾಹ್ಮಣರ ಮನೆಯ ಹೆಂಗಸರು, ಅವನ ಕೈ ಮುಂದೆ ಬಂದರೆ ಸೆರಗು ಬಿಗಿಯಾಗಿ ಸುತ್ತಿಕೊಂಡು ಗೋಡೆಗೆ ತಿರುಗುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಮನೆಮನೆಯಲ್ಲೂ ಅಡಿಕೆ ಬೇಯಿಸುವ ಹಂಡೆ. ಅಡಿಕೆ ಬೆಂದು ಕುದಿಯುವ ಕೆಂಪು ನೀರು, ಆ ಚೊಗರು, ಕಾಲ ಮೇಲೆ, ತೋಳ ಮೇಲೆ ಚೆಲ್ಲುವುದು ಹೊಸತಲ್ಲ. ಅಂಥ ಗಾಯಕ್ಕೆ ದೋಸೆಹಿಟ್ಟು ಮೆತ್ತಿಕೊಂಡು ಬರುತ್ತಿದ್ದರು, ಮುಟ್ಟಿಸಿಕೊಳ್ಳದೆ ತಿರುಗಿ ಹೋಗುತ್ತಿದ್ದರು, ಆಮೇಲೆ ಕೀವಾಗಿ ಜ್ವರ ಬಂದು ಬರುತ್ತಿದ್ದರು, ಅಥವಾ ಬರುತ್ತಲೇ ಇರಲಿಲ್ಲ. “ಅವರ ಮಂದಿಯೊಳಗಿನ ಒಬ್ಬಾಕಿ ಹೆಣ್ಣುಮಗಳು ಸಿಕ್ಕರ ಸಾಕು ನೋಡು, ಹಿಂಗ ಜೀವಾ ಹೋಗೂದು ತಪ್ಪತೈತಿ” ಎಂದು ನಮ್ಮವರು ಊಟದ ಹೊತ್ತಿನಲ್ಲೆಲ್ಲ ಹೇಳುತ್ತಿದ್ದರು. ಮೇಲಿನವರಿಗೆ ಬರೆದು ಬರೆದು ಒಂದು ಹುದ್ದೆ ತರಿಸಿಕೊಂಡಿದ್ದರು. ಹಂಗಾಮಿ ಹುದ್ದೆ. ಉಪಯೋಗ ಕಂಡರೆ ಕಾಯಂ ಮಾಡುವುದು, ಇಲ್ಲದಿದ್ದರೆ ತೆಗೆಯುವುದು. ಕಾಯಂ ಆದವರಿಗೆ ಬಾವಿಯ ಆಚೆ ಒಂದು ಕೋಣೆಯೂ ಸಿಗುತ್ತಿತ್ತು.

“ಮನೇಲಿ ಇದರಣ್ಣಂಗೆ ಮನಸ್ಸಿಲ್ಲೆ. ಆನಿಪ್ಪವರೆಗೆ ಯಾರ ಮಾತೂ ನಡಿತಿಲ್ಲೆ, ಆಮೇಲಿಂದು ಇದರ ಹಣೆಬರಹ” ಎಂದು, ತಾನು ಬದುಕಿರುವವರೆಗಿನ ಮಾತು ಮಾತ್ರ ಕೊಡಬಲ್ಲವರಂತೆ, ಅವಳ ಅಪ್ಪ ಹೇಳಿದ್ದು ನನಗೆ ಕಿಟಕಿಯವರೆಗೂ ಕೇಳಿಸಿತು. ಆಗ ಅವಳು ಮೊದಲ ಸಲ ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ಆಗಲೇ ಬೂದಿ ಬಣ್ಣವಿತ್ತು.

ಕೆಲಸದ ಮೊದಲ ದಿನವೇ ಅವಳು ಇಡೀ ದವಾಖಾನೆಯನ್ನು ನಗಿಸಿದಳು. ಅಡಿಕೆಯ ಕೊನೆ ಕೊಯ್ಯುವವನೊಬ್ಬನನ್ನು ಕಂಬಳಿಯಲ್ಲಿ ಹೊತ್ತು ತಂದಿದ್ದರು. ಮರದಿಂದ ಜಾರಿ ತೊಡೆ ಹರಿದುಕೊಂಡಿದ್ದ. ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, ತೀರ ಮರ್ಯಾದೆಯಿಂದ ಕೇಳಿದಳು:

“ಆಸ್ರಿಗೆ ಎಂತ ಬೇಕು?”

ಆ ಕಡೆಯ ಮನೆಗಳಲ್ಲಿ ಹೊಸಿಲು ದಾಟಿದವರನ್ನು ಮೊದಲು ಕೇಳುವ ಮಾತು ಅದು. ಬಾಯಾರಿಕೆಗೆ ಬೆಲ್ಲ ನೀರೋ, ಮಜ್ಜಿಗೆಯೋ ಎಂದು. ಹೊತ್ತು ತಂದವರು ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟರು. ಮುದಿ ಡ್ರೆಸ್ಸರ್ ಕಿಸಕ್ಕೆಂದು, “ಹೌದಾ ಬಾಯೇ, ಎರಡು ಹೋಳಿಗೆಯೂ ಬಡಿಸು, ಮೇಲಿಂದ ತುಪ್ಪ ಹಾಕು” ಎಂದ. ಮಲಗಿದ್ದವನು ಮಾತ್ರ ನಗಲಿಲ್ಲ. “ಒಂದು ಗುಟುಕು ನೀರು ಕೊಡಿ ಅಮ್ಮ” ಎಂದ. ಆ ಮಾತು ಬಾಯಿಗೆ ಹೇಗೆ ಬಂತೋ ತನಗೇ ಗೊತ್ತಿಲ್ಲ ಎಂದು ಆಮೇಲೆ ನನ್ನೆದುರು ನಾಚಿ ಕೆಂಪಾದಳು. “ಬಾಗಿಲಲ್ಲಿ ಯಾರಾದ್ರೂ ಕಂಡ್ರೆ ಬಾಯಿ ತನ್ನಷ್ಟಕ್ಕೇ ಕೇಳ್ತು ಅಕ್ಕಾ. ಎಂತ ಮಾಡವು?” ಅದನ್ನು ಅವಳು ಕೊನೆಯವರೆಗೂ ಬಿಡಲಿಲ್ಲ. ತಲೆ ಒಡೆದುಕೊಂಡು ಬಂದವರಿಗೂ ಆಸ್ರಿಗೆ ಕೇಳಿಯೇ ಹತ್ತಿ ಕೈಗೆತ್ತಿಕೊಳ್ಳುತ್ತಿದ್ದಳು.

ಮುದುಕ ಅವಳಿಗೆ ಎಲ್ಲವನ್ನೂ ಬಯ್ಯುತ್ತಲೇ ಕಲಿಸಿದ. ಚಿಮಟ, ಕತ್ತರಿಗಳನ್ನು ಸ್ಟೋವಿನ ಮೇಲೆ ಕುದಿಸುವುದು, ಮುರಿದ ಕೈಗೆ ಅಡಿಕೆ ಹಾಳೆಯನ್ನು ಕತ್ತರಿಸಿ ಹತ್ತಿಯಿಟ್ಟು ಕಟ್ಟುವುದು, ಪಟ್ಟಿಯನ್ನು ಬಿಗಿಯಾಗಿ ಸುರುಳಿ ಸುತ್ತುವುದು. ಸುರುಳಿ ಸಡಿಲವಾದರೆ ಅದನ್ನು ಅವಳ ಮುಂದೆಯೇ ನೆಲಕ್ಕೆ ಉರುಳಿಸಿ ಬಿಡುತ್ತಿದ್ದ: “ಇದು ಪಟ್ಟಿಯಾ? ನಿನ್ನಜ್ಜಿ ಹೊಸೆದ ದೀಪದ ಬತ್ತಿಯಾ?” ಅವಳು ತುಟಿ ಬಿಚ್ಚದೆ ನಗುತ್ತಿದ್ದಳು, ಮತ್ತೆ ಒಗೆದು ಮತ್ತೆ ಸುತ್ತುತ್ತಿದ್ದಳು. ಕೆಲವೇ ತಿಂಗಳಲ್ಲಿ ಸುತ್ತುವ ಚಾಳಿ ಕೈಗೆ ಎಷ್ಟು ಹತ್ತಿತೆಂದರೆ, ನಮ್ಮ ಮೆಟ್ಟಿಲ ಮೇಲೆ ಕೂತು ಮಾತಾಡುವಾಗಲೂ ತನ್ನ ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಸುತ್ತುವುದು.

ಕೆಲಸ ಮಾಡುವಾಗ ಅವಳು ಗಾಯದವರ ಜೊತೆ ಮಾತಾಡುತ್ತಿರಲಿಲ್ಲ, ಗಾಯದ ಜೊತೆ ಮಾತಾಡುತ್ತಿದ್ದಳು. “ಆತು, ಆತು, ಮುಗತ್ತು, ಇನ್ನೊಂದ್ಚೂರು” ಎಂದು ಕರುವಿನ ಮೈ ತಿಕ್ಕುವವರ ಸಣ್ಣ ದನಿಯಲ್ಲಿ. ನಾನು ಎಷ್ಟೋ ಸಲ, ಅಷ್ಟರಲ್ಲಿ ಹುಟ್ಟಿದ್ದ ನನ್ನ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಮಗು ಅವಳತ್ತ ಕೈಚಾಚಿದರೆ ಹತ್ತಿರ ಬಂದು, ಬಗ್ಗಿ, ನಾಲಿಗೆ ಚಾಚಿ ನಗಿಸುತ್ತಿದ್ದಳು. ಕೈ ಮಾತ್ರ ಬೆನ್ನ ಹಿಂದೆಯೇ. ಎತ್ತಿಕೋ ಎಂದರೆ, “ಇಲ್ಲೆ ಅಕ್ಕಾ, ಮಿಂದಿದ್ನಿಲ್ಲೆ.”

ಮೀಯುವ ವಿಷಯವನ್ನು ಈಗ ಹೇಳಬೇಕು. ಅವಳ ಬಗ್ಗೆ ಹೇಳುವುದಕ್ಕೆ ಇದೇ ಮುಖ್ಯ.

ಅವಳನ್ನು ತೆಗೆದುಕೊಂಡದ್ದು ತೋಟಸ್ಥರ ಮನೆಯ ಹೆಂಗಸರು ತಮ್ಮವಳೆಂದು ಒಪ್ಪಲಿ ಎಂದು. ಆದರೆ ಹಾಗೆ ಬಂದ ಮೊದಲನೆಯ ಹೆಂಗಸು, ಹೇರೂರಿನ ಕಡೆಯ ಒಬ್ಬ ಮುದುಕಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿಯಿಂದ ಬೆರಳು ಕೊಯ್ದುಕೊಂಡವರು, ಕೈ ಮುಂದೆ ಮಾಡುವ ಮೊದಲು ಕೇಳಿದರು: “ಯಾರ ಮಗಳೇ ನೀನು? ಈಗ ಯಾರನ್ನ ಮುಟ್ಟಿಕಂಡು ಬಂದೆ?” ಇವಳು ಅಪ್ಪನ ಹೆಸರು ಹೇಳಿದಳು. ಆಮೇಲೆ ಈಗ ಮುಟ್ಟಿದ್ದು ಯಾರನ್ನು ಎಂಬುದನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಬೆಳಿಗ್ಗೆಯಿಂದ ಗೌಳಿಗರವನೊಬ್ಬ, ಸಾಬರ ಹುಡುಗನೊಬ್ಬ, ರಸ್ತೆ ಕೆಲಸದವಳೊಬ್ಬಳು. ಮುದುಕಿ ಕೈಯನ್ನು ಒಳಕ್ಕೆ ಎಳೆದುಕೊಂಡರು. “ಹೋಗು, ಮಿಂದ್ಕಂಡು ಬಾ. ಆನು ಕಾಯ್ತೆ.” ಅವಳು ಹೋಗಿ ಬಾವಿಕಟ್ಟೆಯಲ್ಲಿ ಕೊಡದಿಂದ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು ಬೆರಳು ಕಟ್ಟಿದಳು. ಮುದುಕಿಗೆ ತೃಪ್ತಿಯಾಯಿತು. ತೋಟದ ಕೇರಿಗಳಲ್ಲಿ ಸುದ್ದಿಯೂ ಹಬ್ಬಿತು: ದವಾಖಾನೆಯಲ್ಲಿ ನಮ್ಮದೇ ಕೂಸೊಂದಿದೆ, ಹೇಳಿದರೆ ಮಿಂದು ಬರುತ್ತದೆ.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಅಂಥ ಮನೆಯ ಹೆಂಗಸು ಬಂದರೆ ಕೇಳುವುದು, “ಮಿಂದಿದ್ಯನೇ?” ಇವಳು ಬಾವಿಗೆ ಓಡುವುದು. ನನ್ನ ಅಡಿಗೆಮನೆಗೆ ರಾಟೆಯ ಕಿರ್ರೆನ್ನುವ ಸದ್ದು ಕೇಳಿದರೆ ಪಟ್ಟಿ ಕೋಣೆಗೆ ಯಾರು ಬಂದಿದ್ದಾರೆಂದು ಗೊತ್ತಾಗುತ್ತಿತ್ತು. ಇಬ್ಬನಿ ಸುರಿಯುವ ದಿನಗಳಲ್ಲಿ ಅವಳ ತುಟಿ ನೇರಳೆಯಾಗುತ್ತಿತ್ತು. ನನ್ನದೊಂದು ತಿಳಿನೀಲಿ ಸೀರೆಯನ್ನು ಹಗ್ಗದ ಮೇಲೆ ಅವಳಿಗೆಂದೇ ಹಾಕಿಡುತ್ತಿದ್ದೆ. “ನಿಮ್ಮ ಸೀರೆ ಉಟ್ಟು ಹೋದ್ರೆ ಮತ್ತೆ ಶುರು ಆಗ್ತು ಅಕ್ಕಾ, ಇದು ಯಾರ ಸೀರೆ ಹೇಳಿ” ಎಂದು ನಕ್ಕು, ಒದ್ದೆಯದರಲ್ಲೇ ಓಡುತ್ತಿದ್ದಳು. ಕೆಲಸ ಮುಗಿದ ಮೇಲೆ ಬಂದು ಅದನ್ನು ಉಟ್ಟು, ತನ್ನದನ್ನು ಹಿಂಡಿ ಹಾಕಿ, ಒಲೆಯ ಎದುರು ಕೂರುತ್ತಿದ್ದಳು. ಅವಳ ಮೈಯಿಂದ ಆವಿ ಏಳುತ್ತಿತ್ತು.

ನಮ್ಮವರು ಒಂದು ದಿನ ಹೇಳಿಯೇ ಹೇಳಿದರು. “ಏ ತಂಗಿ, ಮಿಂದೀನಿ ಅಂತ ಬಾಯಿಲೆ ಅಂದುಬಿಡವಾ. ಬಾವಿಗೆ ಬಂದು ಯಾರು ನೋಡತಾರ?”

ಅವಳು ಕೈಯನ್ನು ಬೆನ್ನಿಗೆ ಕಟ್ಟಿಕೊಂಡೇ ಅಂದಳು, “ಅವು ನಂಬಿ ಕೈ ಕೊಡ್ತ ಡಾಕ್ಟರೇ. ಕೇಳಿದ ಮೇಲೆ ಸುಳ್ಳು ಹೇಳುಲಾಗ್ತಾ?”

“ಭಟ್ಟರ ಮಗಳು ಒಂದು ದಿನ ಬಾವಿಯ ನೀರೇ ಖಾಲಿ ಮಾಡ್ತಾಳೆ, ಆಮೇಲೆ ನಾವು ಟಿಂಚರ್ ಕುಡಿಯೂದು” ಎಂದ ಮುದುಕ.

ಮಳೆಗಾಲ ಬರುವಷ್ಟರಲ್ಲಿ ಅವಳ ಅಪ್ಪ ತೀರಿಹೋದರು. ಸೂತಕ ಕಳೆದು ತಿರುಗಿ ಬಂದವಳು ಇನ್ನೂ ತೆಳ್ಳಗಾಗಿದ್ದಳು. ಅಣ್ಣ ಹೇಳಿದ್ದನಂತೆ: ಕಾಯಂ ಆದರೆ ಅಲ್ಲೇ ಇರು, ನಿನ್ನ ದಾರಿ ನಿನಗೆ. ಆಗದಿದ್ದರೆ ಮನೆಗೆ ಬಾ, ಅನ್ನಕ್ಕೆ ಕೊರತೆಯಿಲ್ಲ. ಆದರೆ ಬರುವ ಮೊದಲು ಪ್ರಾಯಶ್ಚಿತ್ತ, ಮತ್ತು ಒಳಗೆ ಕಾಲಿಡುವ ಮಾತಿಲ್ಲ. ಇದನ್ನು ಅವಳು ನನಗೆ ಸೆರಗಿನ ತುದಿ ಸುತ್ತುತ್ತಾ ಹೇಳಿದಳು, ಪಕ್ಕದ ಮನೆಯವರ ಸುದ್ದಿಯೆಂಬಂತೆ. ಒಳಗೆ ಎಂದರೆ ಅಡಿಗೆಮನೆ, ದೇವರ ಕೋಣೆ, ಊಟದ ಪಂಕ್ತಿ. ಹೊರಗೆ ಎಂದರೆ ಜಗುಲಿಯ ಕೆಳಗಿನ ಮೂಲೆ.

“ಚಂದಗುಳಿ ಗಣಪತಿಗೆ ಹೇಳ್ಕಂಡಿದ್ದೆ ಅಕ್ಕಾ. ಕಾಯಂ ಆದ್ರೆ ಒಂದು ಗಂಟೆ ಕಟ್ತೆ ಹೇಳಿ.”

“ದೊಡ್ಡದೋ ಸಣ್ಣದೋ?” ಎಂದೆ ನಾನು, ನಗಿಸಲೆಂದು.

“ಸಣ್ಣದು. ದೊಡ್ಡದು ಕಟ್ಟಿದ್ರೆ ಅಣ್ಣಂಗೆ ಕೇಳ್ತು.”

ಬಾವಿಯ ಆಚೆಯ ಆ ಕೋಣೆಗೆ ಆಗ ಬೀಗ ಹಾಕಿತ್ತು; ಅವಳು ಮಲಗುತ್ತಿದ್ದುದು ದವಾಖಾನೆಯ ಔಷಧಿ ಕೋಣೆಯಲ್ಲಿ. ನೀರು ಸೇದುವಾಗ ಅವಳು ಅದರ ಬಾಗಿಲನ್ನು ನೋಡುತ್ತಿದ್ದಳು. ಒಮ್ಮೆ ಮೆಟ್ಟಿಲ ಸಂದಿನಲ್ಲಿ ಹುಟ್ಟಿದ್ದ ಹುಲ್ಲನ್ನು ಕಿತ್ತು ಹಾಕಿದ್ದನ್ನು ಕಂಡೆ.

ಮತ್ತೆ ಸುಗ್ಗಿ ಬಂತು. ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಹುದ್ದೆಯ ತೀರ್ಮಾನ ಅಂದೇ ಎಂದು ತಿಳಿಯಿತು. ಸಾಹೇಬರು ಮೈಸೂರು ಕಡೆಯವರು, ಕೆಟ್ಟವರಲ್ಲ. ಜೀಪಿನಿಂದ ಇಳಿದವರೇ ನನ್ನ ಮಗುವಿನ ಗಲ್ಲ ಹಿಂಡಿ ಪೆಪ್ಪರ್‌ಮಿಂಟು ಕೊಟ್ಟರು. ಅವಳು ಬೆಳಿಗ್ಗೆಯೇ ಮಿಂದು, ಒಗೆದ ಬಿಳಿ ಸೀರೆಯುಟ್ಟು, ಪಟ್ಟಿಯ ಸುರುಳಿಗಳನ್ನು ಹೂವಿನ ಬುಟ್ಟಿಯಂತೆ ಜೋಡಿಸಿಟ್ಟಿದ್ದಳು. ಸಾಹೇಬರು ಬರುವ ತುಸು ಮೊದಲು ಎತ್ತಿನಗಾಡಿ ಹಾದು ಪಾದ ಜಜ್ಜಿಹೋದ ಗಾಡಿಯಾಳೊಬ್ಬ ಬಂದಿದ್ದ; ಅವನ ಕಾಲು ತೊಳೆದು ಕಟ್ಟಿದ್ದಳು. ಸಾಹೇಬರು ಆ ಕಟ್ಟನ್ನು ನೋಡಿ, “ಚೆನ್ನಾಗಿ ಕಟ್ಟಿದ್ದೀಯಮ್ಮ” ಎಂದರು. ಮುದುಕ ಅವಳ ಹಿಂದೆ ನಿಂತು ಹುಬ್ಬು ಹಾರಿಸಿದ. ನಾನು ಬಾಗಿಲಲ್ಲಿ ನಿಂತು ಚಂದಗುಳಿಯ ಗಂಟೆಯನ್ನು ನೆನೆದೆ.

ಅಷ್ಟರಲ್ಲೇ ಅಂಗಳಕ್ಕೆ ಗಾಡಿಯೊಂದು ನುಗ್ಗಿ ಬಂತು. ತೋಟಸ್ಥರ ಮನೆಯ ನಡುವಯಸ್ಸಿನ ಹೆಂಗಸು. ಹಂಡೆ ಇಳಿಸುವಾಗ ಚೊಗರು ಚೆಲ್ಲಿ ಬಲದ ತೋಳು ಮೊಣಕೈಯಿಂದ ಬೆರಳವರೆಗೆ ಬೆಂದಿತ್ತು. ಜೊತೆಯವರು ಎತ್ತಿ ತಂದು ಬೆಂಚಿನ ಮೇಲೆ ಮಲಗಿಸಿದರು. ನಮ್ಮವರ ಮುಖದಲ್ಲಿ ಗಾಬರಿಯ ಜೊತೆಗೇ ಒಂದು ಬೆಳಕು ಹಾದುಹೋಯಿತು. ಇಂಥ ಹೆಂಗಸರಿಗಾಗಿಯೇ ಅವರು ಈ ಹುದ್ದೆ ಬೇಡಿದ್ದು. ಇನ್ನು ಸಾಹೇಬರು ಕಣ್ಣಾರೆ ನೋಡುತ್ತಾರೆ.

ಅವಳು ಹತ್ತಿರ ಹೋಗಿ ಬಗ್ಗಿದಳು. ಹೆಂಗಸು ಕಣ್ಣು ಮುಚ್ಚಿ ನರಳುತ್ತಿದ್ದರು. ನೆರಳು ಮೇಲೆ ಬಿದ್ದದ್ದಕ್ಕೆ ಕಣ್ಣು ಅರೆ ತೆರೆದು, ಉಸಿರಿನ ನಡುವೆ ಅಂದರು:

“ಮಿಂದಿದ್ಯನೇ, ಕೂಸೆ?”

ಚಾಚಿದ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಮಿಂದದ್ದು ನಿಜ. ಆಮೇಲೆ ಗಾಡಿಯಾಳಿನ ಕಾಲು ಮುಟ್ಟಿದ್ದೂ ನಿಜ. ಅವಳು ಒಮ್ಮೆ ನಮ್ಮವರ ಕಡೆ ನೋಡಿದಳು. ಅವರು ತಲೆಯಾಡಿಸಿದರು, ಹೌದೆನ್ನು, ಹೌದೆಂದುಬಿಡು ಎಂಬಂತೆ. ಅವಳು ಹಾಗೆನ್ನಲಿಲ್ಲ.

“ಇಲ್ಲೆ ಅತ್ತೆ. ಈಗ ಮಿಂದು ಬತ್ತೆ. ಒಂದೇ ಒಂದು ಗಳಿಗೆ.”

ಓಡಿದಳು. ರಾಟೆ ಕಿರ್ರೆಂದಿತು.

“ಎಲ್ಲಿಗೆ ಹೋದಳ್ರೀ ಆ ಹುಡುಗಿ?” ಎಂದರು ಸಾಹೇಬರು. “ಬಾವಿಗೆ ಹೋಗ್ಯಾಳ್ರಿ, ಈಗ ಬರತಾಳ” ಎಂದರು ನಮ್ಮವರು. ಹೆಂಗಸು ಗಟ್ಟಿಯಾಗಿ ಚೀರಿದರು. ಸಾಹೇಬರು ತಡೆಯಲಾರದೆ ಮುದುಕನಿಗೆ, “ನೀನು ಬಾಪ್ಪ, ನಿಂತು ನೋಡ್ತೀಯಲ್ಲ!” ಎಂದರು. ಮುದುಕ ನಮ್ಮವರ ಮುಖ ನೋಡಿದ, ಬಾವಿಯ ಕಡೆ ನೋಡಿದ. ಮತ್ತೊಂದು ಚೀರು ಬಂತು. ಅವನು ಬಗ್ಗಿ ಆ ತೋಳನ್ನು ಎತ್ತಿಕೊಂಡ. ಹೆಂಗಸು ಸೆರಗು ಎಳೆದುಕೊಳ್ಳಲಿಲ್ಲ, ಗೋಡೆಗೆ ತಿರುಗಲಿಲ್ಲ. ಕೈ ಬಿಟ್ಟುಕೊಟ್ಟು, ಇನ್ನೊಂದು ಕೈಯಿಂದ ಮುದುಕನ ಅಂಗಿಯನ್ನೇ ಹಿಡಿದುಕೊಂಡರು.

ಅವಳು ತಿರುಗಿ ಬಂದಾಗ ತೋಳಿಗೆ ನೇರಳೆ ಔಷಧಿ ಬಳಿದು, ಮೇಲೆ ತೆಳ್ಳನೆ ಬಟ್ಟೆ ಹಾಕಿ, ಮುದುಕ ಕೊನೆಯ ಸುತ್ತು ಸುತ್ತುತ್ತಿದ್ದ. ಅವಳ ಸೀರೆಯಿಂದ ನೀರು ಇಳಿದು ಹೊಸಿಲಲ್ಲಿ ನಿಂತಿತು. ಅವಳು ಆ ಹೊಸಿಲಿನಿಂದ ಒಳಗೆ ಬರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೋದವು.

ಸಾಹೇಬರು ಅವಳ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರು ಮಾತಾಡಬಹುದಿತ್ತೇನೋ. ವರಾಂಡಕ್ಕೆ ಬಂದು ಸಿಗರೇಟು ಹಚ್ಚಿ ನಮ್ಮವರಿಗೆ ಮೆಲ್ಲಗೆ ಹೇಳಿದರು, “ಡಾಕ್ಟ್ರೇ, ಗಂಡಸರ ಕೈ ಒಪ್ಪೋದಿಲ್ಲ ಅಂತ ಬರೆದಿದ್ರಿ. ಒಪ್ಪಿದ್ರಲ್ಲ. ಈ ಹುಡುಗಿ ಸುಟ್ಟುಕೊಂಡೋರನ್ನ ಬಿಟ್ಟು ಸ್ನಾನಕ್ಕೆ ಹೋಗ್ತಾಳೆ. ನಾಳೆ ರಕ್ತ ಸುರೀತಾ ಬಂದ್ರೆ? ನಾನು ಏನಂತ ಕಾಯಂ ಮಾಡ್ಲಿ, ನೀವೇ ಹೇಳಿ.”

ನಮ್ಮವರು ಹೇಳಿದರು, ಬಹಳ ಹೊತ್ತು ಹೇಳಿದರು: ಮಡಿಯೆಂದರೇನು, ಮೊದಲಿನ ಮುದುಕಿ, ಮಿಂದು ಬಂದದ್ದರಿಂದಲೇ ಎಷ್ಟು ಹೆಂಗಸರು ಉಳಿದರು. ಸಾಹೇಬರು ತಲೆದೂಗುತ್ತ ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಜೀಪು ಹೋಯಿತು. ಹುದ್ದೆ ತೆಗೆದ ಹುಕುಂ ಮಾತ್ರ ಬರಲು ಬಾಕಿಯಿತ್ತು.

ಆ ಸಂಜೆ ಅವಳು ನಮ್ಮ ಒಲೆಯೆದುರು ಕೂತಿದ್ದಳು. ತಿಳಿನೀಲಿ ಸೀರೆ ಮುಂದಿಟ್ಟರೂ ಉಡಲಿಲ್ಲ. ನಮ್ಮವರು ಊಟ ಮಾಡದೆ ಅತ್ತಿತ್ತ ತಿರುಗುತ್ತಿದ್ದವರು ತಡೆಯದೆ, “ಒಂದು ಹೂಂ ಅಂದಿದ್ದರ ಏನಾಗತಿತ್ತವಾ?” ಎಂದರು.

“ಅತ್ತೆ ಕೇಳಿತ್ತು ಡಾಕ್ಟರೇ” ಎಂದಳು.

ಅವಳು ಹೊರಡುವ ದಿನ ಅಣ್ಣ ಕರೆಯಲು ಬಂದು, ರಸ್ತೆಯ ಆಚೆಯೇ ನಿಂತಿದ್ದ. ಮುದುಕ ಒಂದು ಹೊಸ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಡಲು ಹೋದ. “ಎಂತಕ್ಕೆ?” ಎಂದಳು. ಅವನು ಅದನ್ನು ತಿರುಗಿ ಜೇಬಿಗೆ ಹಾಕಿಕೊಂಡ. ನನ್ನ ಮಗು ಕೈಚಾಚಿತು. ಅಂದು ಅವಳು ಯಾರನ್ನೂ ಮುಟ್ಟಿರಲಿಲ್ಲ. ಎತ್ತಿಕೊಂಡಳು, ಅಷ್ಟು ದಿನಗಳಲ್ಲಿ ಅದೊಂದೇ ಸಲ. ಮಗುವಿಗೆ ಅವಳ ಕೈಯ ರೂಢಿಯಿಲ್ಲದೆ ಅಳು ಬಂತು. ಅವಳು ಕೂಡಲೇ ತಿರುಗಿ ಕೊಟ್ಟುಬಿಟ್ಟಳು.

ಆಮೇಲೆ ಒಮ್ಮೆ ಮಾತ್ರ ಅವಳನ್ನು ನೋಡಿದೆ. ಅವಳ ಅಣ್ಣನ ಮನೆಯ ದಾರಿಯಲ್ಲಿ ಹೋಗುವಾಗ ನಾನೇ ಹಠ ಹಿಡಿದು ಗಾಡಿ ನಿಲ್ಲಿಸಿದೆ. ಅತ್ತಿಗೆಯಾದವರು ಡಾಕ್ಟರ ಹೆಂಡತಿಯೆಂದು ಆದರದಿಂದ ಕರೆದು, ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಬೇರೆ ಜಾತಿಯವಳಾದ ನಾನು ಮೇಲೆ. ಅವಳು ಕೆಳಗೆ, ಮೆಟ್ಟಿಲ ಪಕ್ಕದ ಮೂಲೆಯಲ್ಲಿ, ಮಗುಚಿಟ್ಟ ತನ್ನ ಬೇರೆ ತಟ್ಟೆಯ ಬಳಿ. ಪ್ರಾಯಶ್ಚಿತ್ತವಾಗಿತ್ತು, ಆದರೂ ದೇವರ ದೀಪಕ್ಕೆ ಅವಳು ಹೊಸೆದ ಬತ್ತಿ ಆಗುವುದಿಲ್ಲವಂತೆ. ಅವಳ ಕೈ ಹಳೆಯ ಪಂಚೆಯೊಂದರ ಹರಕನ್ನು ಸುತ್ತುತ್ತಿತ್ತು, ಬಿಗಿಯಾಗಿ, ಮುದುಕ ನೋಡಿದರೂ ತಪ್ಪು ಹಿಡಿಯದ ಹಾಗೆ.

“ಪಟ್ಟಿ ಕೋಣೆಲಿ ಈಗ ಯಾರಿದ್ದ ಅಕ್ಕಾ?”

“ಯಾರೂ ಇಲ್ಲ. ಅವನೇ.”

“ಹೆಂಗಸ್ರು ಬತ್ವ?”

ಬರುವುದಿಲ್ಲ ಎನ್ನಬೇಕಾಗಿತ್ತು. ಮೊದಲಿನ ಹಾಗೆ ತಿರುಗಿ ಹೋಗುತ್ತಾರೆ, ದೋಸೆಹಿಟ್ಟು ಮೆತ್ತಿಕೊಳ್ಳುತ್ತಾರೆ ಎಂದು. “ಬರ್ತಾರೆ, ಬರ್ತಾರೆ” ಎಂದೆ. ಅವಳು ನನ್ನ ಮುಖ ನೋಡಿ ತುಟಿ ಬಿಚ್ಚದೆ ನಕ್ಕಳು. ಸುಳ್ಳು ಅವಳಿಗೆ ಕೂಡಲೇ ಗೊತ್ತಾಗುತ್ತಿತ್ತು.

ನಮ್ಮವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅಲ್ಲಿಂದ ಚಂದಗುಳಿ ದೂರವಿಲ್ಲ. ಮಗಳಿಗೆ ದಡಾರ ಇಳಿದ ಮೇಲೆ ಹರಕೆ ತೀರಿಸಲು ಹೋಗಿದ್ದೆ. ತಲೆಯ ಮೇಲೆ ಸಾಲುಸಾಲಾಗಿ ಗಂಟೆಗಳು. ಅರ್ಚಕರು ಹೇಳುತ್ತಿದ್ದರು, ಇದು ಸಂತಾನವಾದವರದ್ದು, ಇದು ಕೋರ್ಟಿನಲ್ಲಿ ಗೆದ್ದವರದ್ದು ಎಂದು. ನಾನು ಮಗಳ ಹೆಸರಿನ ಗಂಟೆ ಕೊಟ್ಟು ಬಂದೆ. ಬೇಡಿಕೊಂಡೂ ಕಟ್ಟಲಾಗದವರ ಗುರುತು ಅಲ್ಲಿ ಯಾವುದೂ ಇರಲಿಲ್ಲ.

ಈಗ ನಾವು ಶಿರಸಿಯಲ್ಲಿದ್ದೇವೆ. ಮೊನ್ನೆ ಬೆಳಿಗ್ಗೆ ನಮ್ಮವರಿಗೆ ಕಣ್ಣು ತೋರಿಸಲು ವಯಸ್ಸಾದ ಹೆಂಗಸೊಬ್ಬರು ಬಂದರು. ಪಡಸಾ‍ಲೆಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುವಾಗ ಬಲದೋಳು ಕಂಡಿತು. ಮೊಣಕೈಯಿಂದ ಬೆರಳವರೆಗೆ ಹಾಲಿನ ಕೆನೆ ಸುಕ್ಕಾದಂತೆ ಹೊಳೆಯುವ ಚರ್ಮ. ಅವರಿಗೂ ನನ್ನ ಗುರುತು ಸಿಕ್ಕಿತು. ಊರಿನ ಸುದ್ದಿಯೆಲ್ಲ ಹೇಳುತ್ತ ಹೇಳುತ್ತ ಅಂದರು:

“ನಿಮ್ಮ ದವಾಖಾನೇಲಿ ಇದ್ದಿತ್ತಲಿ, ಆ ಕೂಸು, ಅದು ಹೋತು. ಹೋದ ತಿಂಗಳು. ಜ್ವರ ಬಂದಿತ್ತಡ. ಹೊರಗೇ ಮಲಗ್ತಿತ್ತಲಿ, ಬೆಳಿಗ್ಗೆ ನೋಡಿದ್ರೆ ಇಲ್ಲೆ.”

ನಾನು ಒಳಗೆ ಹೋಗಿ ಮಗಳಿಗೆ ಕಾಫಿ ತರಲು ಹೇಳಿ ಬಂದೆ. ಆಮೇಲೆ ಕೇಳಿದೆ, “ಆವತ್ತು ನಿಮ್ಮ ಕೈ ಸುಟ್ಟ ದಿನ, ಅವಳು ಮಿಂದು ಬರೋದಕ್ಕೆ ಹೋಗಿದ್ದಳು. ನೆನಪಿದೆಯಾ?”

“ಮೀಯಲೆ? ಎಂತಕ್ಕೆ?”

“ನೀವು ಕೇಳಿದಿರಲ್ಲ. ಮಿಂದಿದ್ಯಾ ಅಂತ.”

ಅವರು ಹುಬ್ಬು ಗಂಟಿಕ್ಕಿ ಬಹಳ ಯೋಚಿಸಿದರು. “ಆನು ಕೇಳಿದ್ನ? ಇಲ್ಲೆ ತಂಗಿ, ನೆನಪಿಲ್ಲೆ. ಆ ಉರಿಲಿ ಎಂತ ಕೇಳಿದ್ನೋ, ಯಾರನ್ನ ಕೇಳಿದ್ನೋ. ಯಾರು ಮಿಂದಿದ್ರೆಂತು, ಬಿಟ್ರೆಂತು? ಯಾರಾದ್ರೂ ಹಿಡಕಂಡ್ರೆ ಸಾಕಾಗಿತ್ತು.”

ಅಷ್ಟರಲ್ಲಿ ನನ್ನ ಮಗಳು ಕಾಫಿ ತಂದಳು. ಶಾಲೆಗೆ ಹೊರಟವಳು, ಜಡೆಗೆ ಎರಡು ರಿಬ್ಬನ್ನು. ಅವಳು ಹತ್ತಿರ ಬರುತ್ತಿದ್ದಂತೆ ಹೆಂಗಸು ತಲೆಯೆತ್ತಿ,

“ಮಿಂದಿದ್ಯನೇ, ಕೂಸೆ?” ಎಂದರು.

ಮಗಳು ನನ್ನ ಕಡೆ ತಿರುಗಿ ನೋಡಿದಳು. ಅವಳು ತಿರುಗಿ ಅತ್ತ ನೋಡುವಷ್ಟರಲ್ಲಿ ಹೆಂಗಸು ಅವಳ ಕೈಯಿಂದ ಲೋಟ ತೆಗೆದುಕೊಂಡು, ಅರ್ಧ ಕುಡಿದಾಗಿತ್ತು.